ಅಟ್ಟದ ಮೇಲಿನ ಸುಡುಗಾಡಿನ ಪುಸ್ತಕ

ತಿಪಟೂರಿನ ಕಾಲೇಜಿನಿಂದ ನಾನು ತಂದಿದ್ದು ಸಾವು, ಸಮಾಧಿ, ದೆವ್ವಗಳನ್ನೇ ಬರೆದ ಇಂಗ್ಲಿಷ್ ಕವಿಯೊಬ್ಬನ ಸಮಗ್ರ ಕವಿತೆಗಳನ್ನು. ರಟ್ಟಿನ ಮೇಲೆ ತಲೆಬುರುಡೆಯ ಚಿತ್ರವಿತ್ತು. ಕೊಬ್ಬರಿಯಾಗಲೆಂದು ವರ್ಷವಿಡೀ ಕಾಯಿ ಪೇರಿಸಿಡುವ ನಮ್ಮ ಅಟ್ಟದಲ್ಲಿ ಕೂತು ಓದುತ್ತಿದ್ದೆ. ಆ ಸಲ ಕಾಯಿ ಒಡೆದಾಗ ಅರ್ಧಕ್ಕರ್ಧ ಕೊಳೆತಿತ್ತು.

"ಸುಡುಗಾಡಿನ ಪುಸ್ತಕ ಅಟ್ಟಕ್ಕೆ ಹತ್ಸಿದ್ರೆ ಕೊಬ್ರಿ ಉಳೀತದೇನ್ಲಾ?" ಎಂದು ದೊಡ್ಡಪ್ಪ ಅದನ್ನು ನೀರೊಲೆಗೆ ತುರುಕಿದರು.

ಅಟ್ಟದ ಮೇಲಿನ ಒಡೆದ ಹೆಂಚು ಬದಲಿಸಿ ಎಂದು ಅವ್ವ ಮಳೆಗಾಲಕ್ಕೆ ಮುಂಚೆಯೇ ಅವರಿಗೆ ಹೇಳಿದ್ದಳು. ಅವರು ಬದಲಿಸಿರಲಿಲ್ಲ. ಈಗ ಆ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲವಲ್ಲ ಎಂಬ ಸಿಟ್ಟು ಇವತ್ತಿಗೂ ಆರಿಲ್ಲ.

ಮರುವರ್ಷವೂ ಕಾಯಿ ಕೊಳೆಯಿತು. ದೊಡ್ಡಪ್ಪ ಹೆಂಚಿನ ಕಡೆ ತಲೆ ಎತ್ತಲಿಲ್ಲ. ನೆಟ್ಟಗೆ ಬಂದು ನನ್ನ ಕಾಲೇಜು ಚೀಲ ತಡಕಾಡಿದರು.