ಸಿಗ್ನಲ್ಲಿಗೆ ಅಡ್ಡ ನಿಂತ ಧೂಪದ ಮರ

ನಂಬದಿದ್ದರೆ ನಿಟ್ಟೂರಿಗೆ ಬಂದು ಬುಡ ನೋಡಿ. ಭೂತನ ಬನದ ಧೂಪದ ಮರವನ್ನು ಒಬ್ಬನೇ ಕೆಡವಿದವನು ನಾನು.

ಊರಿಗೆ ಫೋನು ಹಾಕಲು ಕೊಡಚಾದ್ರಿಯಿಂದ ಮೈಕ್ರೋವೇವ್ ಸಿಗ್ನಲ್ ಬರುತ್ತದೋ ಎಂದು ಪರೀಕ್ಷಿಸಲು ಬಂದಿದ್ದ ಇಂಜಿನಿಯರ ಮೀಟರಿನಲ್ಲಿ ಮುಳ್ಳು ಏಳಲೇ ಇಲ್ಲ.

"ಈ ಅಲೆ ನೆಟ್ಟಗೆ ಹೋಗುತ್ತೆ ಕಣಯ್ಯ. ಆ ಮರ ಅಡ್ಡ. ಹಿಂದೆ ಗುಡ್ಡ ಇಲ್ಲ ತಾನೆ?" ಎಂದು ದಾರಿ ತೋರಿಸಲು ಹೋಗಿದ್ದ ನನ್ನನ್ನು ಕೇಳಿದರು.

"ಈ ಸೀಮೆ ನನ್ನ ಅಂಗೈ ಸಾರ್. ಏನೂ ಇಲ್ಲ."

ಬನಕ್ಕೆ ದೀಪ ಇಡುವ ತಿಮ್ಮಜ್ಜ ಕೊಡಲಿಗೆ ಅಡ್ಡ ಬಂದ. "ಬ್ಯಾಡ ಮಗಾ, ಕಡಿದ್ರೆ ಊರಲ್ಲಿ ನಿಂಗೆ ಯಾರೂ ನೀರು ಕೊಡಲ್ಲ."

"ದಿಲ್ಲಿ ಮಾತು ಇಲ್ಲೇ ಕೇಳಿಸ್ತೀನಿ, ಸರಿಯೋ ಅಜ್ಜ," ಎಂದು ಕಡಿದೇಬಿಟ್ಟೆ.

ಮರ ಬಿತ್ತು. ಹಿಂದೆ ಗುಡ್ಡ ಕಂಡಿತು. ಮುಳ್ಳು ಅಲುಗಲಿಲ್ಲ. ಇಂಜಿನಿಯರು ಪೆಟ್ಟಿಗೆಗಳನ್ನು ಜೀಪಿಗೆ ಹಾಕಿಸಿಕೊಂಡು ಹೋದರು.

ತಿಮ್ಮಜ್ಜನ ಮಾತೂ ಸುಳ್ಳಾಯಿತು ಅನ್ನಿ, ನೀರು ಕೊಟ್ಟರು. ನನ್ನ ಅವ್ವನೇ ಕೊಟ್ಟಳು, ಅಂಗಳದಲ್ಲಿ ನಿಲ್ಲಿಸಿ, ತೆಂಗಿನ ಚಿಪ್ಪಿನಲ್ಲಿ.