ಅಮಾಸಿ ದಿನ ನಿಂತ ರೈಲು

ಡ್ರೈವರ್ ಇಲ್ಲದ ಆ ಪುಟ್ಟ ರೈಲು ನಡುದಾರಿಯಲ್ಲಿ ಗಕ್ಕನೆ ನಿಂತಿತು. ಪರದೇಶದ ವಿಮಾನ ನಿಲ್ದಾಣದಲ್ಲಿ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಒಯ್ಯುವ ರೈಲದು. ನಮ್ಮ ಮುಂದಿನ ವಿಮಾನಕ್ಕೆ ಮುಕ್ಕಾಲು ತಾಸಷ್ಟೇ ಉಳಿದಿತ್ತು. ಸ್ಪೀಕರಿನ ಹೆಣ್ಣು ದನಿ ಮಾತ್ರ ಈಗ ಹೊರಡುತ್ತೇವೆ, ಕಂಬಿ ಹಿಡಿದುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಲೇ ಇತ್ತು. ಪ್ರತಿ ಸಲವೂ ನಾವೆಲ್ಲ ಕಂಬಿ ಹಿಡಿದೆವು.

ಜೊತೆಗಿದ್ದ ನಮ್ಮ ಕಾಕಾ ಬನಹಟ್ಟಿಯಲ್ಲಿ ನಲವತ್ತು ವರ್ಷ ಪವರ್‌ಲೂಮ್ ನಡೆಸಿದವರು. ರೈಲಿನ ಗೋಡೆಗೆ ಕಿವಿ ಹಚ್ಚಿ, "ಇವತ್ತ ಅಮಾಸಿ. ನಮ್ಮ ಮಗ್ಗಕ್ಕ ಅಮಾಸಿಗೊಮ್ಮೆ ರಜಾ ಕೊಡ್ತೀವಿ. ಇದಕ್ಕ ಯಾರೂ ಕೊಟ್ಟಿಲ್ಲ, ತಾನ ತಗೊಂಡೈತಿ" ಎಂದರು. ಕಿಸೆಯಲ್ಲಿದ್ದ ಭಂಡಾರವನ್ನು, ಅಂದರೆ ದೇವರ ಅರಿಶಿನವನ್ನು, ಚಿಟಿಕೆಯಷ್ಟು ಬಾಗಿಲಿಗೆ ಹಚ್ಚಿ ಕೈಮುಗಿದರು. ಪಕ್ಕದಲ್ಲಿದ್ದ ಟೈ ಕಟ್ಟಿದ ಬಿಳಿಯರೊಬ್ಬರು, ಏನೆಂದು ತಿಳಿಯದೆ ತಾವೂ ಮುಗಿದರು. ನಾನು ಜಮಖಂಡಿಯಲ್ಲಿ ವಿಜ್ಞಾನ ಕಲಿಸುವವನು. ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿದೆ.

ಕೊನೆಗೆ ಒಬ್ಬ ಮೆಕ್ಯಾನಿಕ್ ಹಳಿ ಪಕ್ಕದಲ್ಲೇ ನಡೆದು ಬಂದು, ಒಳಗೆ ಹತ್ತಿ, ಎಲ್ಲವನ್ನೂ ಬಂದ್ ಮಾಡಿ, ಎರಡು ನಿಮಿಷ ಸುಮ್ಮನೆ ನಿಂತು ಮತ್ತೆ ಚಾಲೂ ಮಾಡಿದ. ರೈಲು ಹೊರಟಿತು. ಏನಾಗಿತ್ತು ಎಂದು ಕೇಳಿದರೆ, ಹಳೇ ಗಾಡಿ, ಪುರುಸೊತ್ತಿಲ್ಲದೆ ಓಡುತ್ತದೆ, ಎರಡು ನಿಮಿಷ ಬಿಟ್ಟರೆ ಸರಿಹೋಗುತ್ತದೆ ಎಂದು ಹಿಂದಿಯಲ್ಲಿ ಹೇಳಿದ; ಅವನೂ ನಮ್ಮ ದೇಶದವನೇ.

"ಎರಡ ನಿಮಿಷ ಎಲ್ಲಿ ಸಾಕಾಗತೈತಿ, ಪಾಪ" ಎಂದರು ಕಾಕಾ.

ವಿಮಾನ ಸಿಕ್ಕಿತು. ಊರಿಗೆ ಮರಳುವ ಟಿಕೆಟ್ ತೆಗೆಸುವ ಮುಂಚೆ, ಬಾಗಿಲು ಹಾಕಿಕೊಂಡು, ಅಮಾಸಿ ಯಾವಾಗ ಎಂದು ಕ್ಯಾಲೆಂಡರ್ ನೋಡಿದೆ. ಕಾಕಾಗೆ ಇನ್ನೂ ಹೇಳಿಲ್ಲ.