ಏಳನೇ ಬಟ್ಟಲು ಕಾದ ಫುಮಿ ಅಜ್ಜಿ

ಬೆಳಗಿನ ಐದು ಗಂಟೆ. ಜಪಾನಿನ ಒಕಿನಾವಾದ ಪುಟ್ಟ ದ್ವೀಪವೊಂದರ ಕಡಲ ಸಂಶೋಧನಾ ಕೇಂದ್ರದಲ್ಲಿ ಅರವತ್ತೊಂಬತ್ತರ ತೊಮೊಯೊಸೆ ಫುಮಿ ಏಳನೇ ಬಟ್ಟಲಿನ ಮೇಲೆ ಉಸಿರು ಬಿಗಿಹಿಡಿದು ಬಗ್ಗಿದ್ದಾರೆ. ಹವಳ ಮೊಟ್ಟೆ ಬಿಡುವುದು ವರ್ಷಕ್ಕೊಮ್ಮೆ, ಹುಣ್ಣಿಮೆಯ ಆಸುಪಾಸಿನಲ್ಲಿ. ಈ ವರ್ಷದ್ದು ನಿನ್ನೆ ರಾತ್ರಿ ಆಗಿಹೋಗಿದೆ. ಬಟ್ಟಲಲ್ಲಿ ಮುನ್ನೂರು ಭ್ರೂಣಗಳು. ರಾಗಿಕಾಳಿಗಿಂತ ಸಣ್ಣವು, ಅಂಚು ಮುದುಡಿದ ಹಪ್ಪಳದಂತೆ ಚಪ್ಪಟೆ.

"ಈ ಹಪ್ಪಳದ ಹೊತ್ತೇ ಕಷ್ಟದ್ದು. ಮೈಮೇಲೆ ಸಿಪ್ಪೆಯಿಲ್ಲ, ಪೊರೆಯಿಲ್ಲ. ಸೀನಿದ್ರೂ ಒಡೀತಾವೆ," ಎನ್ನುತ್ತಾರೆ ಫುಮಿ.

ಹವಳಕ್ಕೆ ಬಾಯಿ ಮೂಡಿಸುವುದು ಒಂದೇ ಒಂದು ಜೀನ್ ಎಂಬುದು ವಿಜ್ಞಾನಿ ಇರಮಿನ ಅವರ ಊಹೆ. ಅದನ್ನು ಸುಮ್ಮನಾಗಿಸುವ ಮದ್ದನ್ನು ಕೂದಲೆಳೆಯಂಥ ಸೂಜಿಯಿಂದ ಈ ಬಟ್ಟಲಿನ ಒಂದೊಂದು ಮೊಟ್ಟೆಗೂ ಚುಚ್ಚಿದ್ದಾರೆ. ಮರಿಗಳಿಗೆ ಬಾಯಿ ಮೂಡದಿದ್ದರೆ ಊಹೆ ನಿಜ. ಹೋದ ವರ್ಷವೂ ಚುಚ್ಚಿದ್ದರು. ಸತ್ತ ಮೊಟ್ಟೆಗಳ ಜಿಡ್ಡು ತೇಲಿತು. ಗಾಬರಿಯಲ್ಲಿ ನೀರು ಬದಲಿಸಹೋಗಿ ಎಲ್ಲವೂ ಚೂರಾದವು. ಬಟ್ಟಲು ಬಗ್ಗಿಸಿದ್ದು ಫುಮಿಯ ಕೈ.

"ವರ್ಷವಿಡೀ ಈ ಕೈಗೇ ಬೈಕೊಂಡಿದ್ದೀನಿ," ಎನ್ನುತ್ತಾರೆ.

ಈ ಬೆಳಿಗ್ಗೆಯೂ ಜಿಡ್ಡು ಕಟ್ಟಿದೆ. ಇರಮಿನ ಚಡಪಡಿಸುತ್ತಾರೆ.

"ಅಜ್ಜೀ, ವಾಸನೆ ಬರ್ತಿದೆ. ನೀರು ಬದಲಾಯ್ಸೋಣ."

"ಮುಟ್ಟಿದ್ರೆ ಕೈ ಮುರೀತೀನಿ ಮೇಷ್ಟ್ರೇ. ಹೋದ ವರ್ಷದ್ದು ಮರ್ತೋಯ್ತಾ?"

"ಬಿಟ್ರೆ ಕೊಳೆತುಹೋಗ್ತಾವಲ್ಲ!"

"ನಿಮ್ಮನೇಲಿ ಹಂದಿ ಎಲುಬಿನ ಸಾರಿನ ಜಿಡ್ಡು ಹೆಂಗೆ ತೆಗೀತಾರೆ? ಪಾತ್ರೆ ಬಗ್ಸಿ ಚೆಲ್ತಾರಾ?"

ಫುಮಿ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಟ್ಟಲಿನಷ್ಟಗಲ ಕತ್ತರಿಸಿ, ನೀರಿನ ಮೇಲೆ ಹಾಸಿ, ಒಂದು ತುದಿಯಿಂದ ಮೆಲ್ಲಗೆ ಎತ್ತುತ್ತಾರೆ. ಜಿಡ್ಡು ಹಾಳೆಗೆ ಅಂಟಿ ಬರುತ್ತದೆ. ಹೀಗೆ ಆರು ಸಲ. ಕೆಳಗೆ ಒಂದು ಹಪ್ಪಳವೂ ಅಲುಗುವುದಿಲ್ಲ. ಹೆರುವವಳಿಗಿಂತ ಸೂಲಗಿತ್ತಿಗೇ ಬೆವರು ಹೆಚ್ಚು.

ಫುಮಿ ಓದಿದ್ದು ಅಷ್ಟಕ್ಕಷ್ಟೇ. ಗಂಡನ ಜೊತೆ ಕಡಲಲ್ಲಿ ಬಲೆ ಹರಡಿ ಪಾಚಿ ಬೆಳೆಯುತ್ತಿದ್ದರು. ಚಂಡಮಾರುತ ಬಲೆಗಳನ್ನೆಲ್ಲ ಹೊತ್ತೊಯ್ದ ವರ್ಷ ಇಲ್ಲಿಗೆ ಗಾಜಿನ ಪಾತ್ರೆ ತೊಳೆಯಲು ಬಂದರು. ಇಪ್ಪತ್ತಮೂರು ವರ್ಷವಾಯಿತು. ಮೊಟ್ಟೆಯ ಕಾಲದಲ್ಲಿ ಹನ್ನೆರಡು ಬಟ್ಟಲು, ಮೂರು ಗಂಟೆಗೊಮ್ಮೆ ಎಲ್ಲವನ್ನೂ ನೋಡಿಬರಬೇಕು. ಊಟ ನಿಂತಲ್ಲೇ, ಅನ್ನದ ಉಂಡೆ.

ಮರುದಿನ ಹಪ್ಪಳಗಳು ಮಡಿಚಿಕೊಂಡು ಉಂಡೆಯಾಗುತ್ತವೆ. ನಾಲ್ಕನೆಯ ಬೆಳಿಗ್ಗೆ, ಮದ್ದು ಮುಟ್ಟದ ಎಂಟನೇ ಬಟ್ಟಲಿನ ಮರಿಗಳು ಪೇರುಹಣ್ಣಿನ ಆಕಾರ ತಳೆದು ಈಜಾಡುತ್ತಿವೆ. ಸಪೂರ ತುದಿಯಲ್ಲಿ ಚುಕ್ಕಿಯಂಥ ಬಾಯಿ. ಇನ್ನು ಏಳನೆಯದು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಇರಮಿನ ಕುರ್ಚಿ ಬೀಳಿಸಿಕೊಂಡೇ ಎದ್ದು ನಿಲ್ಲುತ್ತಾರೆ.

"ಅಜ್ಜೀ! ಎಲ್ಲಾ ಇಡಿಯಾಗಿವೆ, ಈಜ್ತಾ ಇವೆ! ಬಾಯಿಲ್ಲ! ಒಂದಕ್ಕೂ ಬಾಯಿಲ್ಲ!"

"ನಿಮಗಿದೆಯಲ್ಲ, ಸಾಕು. ನನ್ನ ಕಿವಿ ಹೋಯ್ತು," ಎನ್ನುವ ಫುಮಿ, ಅವರನ್ನು ಸರಿಸಿ ತಾವೂ ಇಣುಕುತ್ತಾರೆ. ಬಹಳ ಹೊತ್ತು ಕಣ್ಣು ತೆಗೆಯುವುದಿಲ್ಲ.

ಊಹೆ ನಿಜವಾಯಿತು. ಬರೆಯುವ ಲೇಖನದಲ್ಲಿ ನಿಮ್ಮ ಹೆಸರೂ ಹಾಕುತ್ತೇನೆ ಎನ್ನುತ್ತಾರೆ ಇರಮಿನ.

"ಹೆಸರು ಬೇಡ ಮೇಷ್ಟ್ರೇ. ಸಾರಿನ ಜಿಡ್ಡು ತೆಗೆಯೋ ಉಪಾಯ ಬರೀರಿ. ಬೇರೆ ಊರಿನವರ ಬಟ್ಟಲೂ ಉಳೀಲಿ."

ಎಂಟನೇ ಬಟ್ಟಲಿನತ್ತ ಚಾಚಿದ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಳ್ಳುತ್ತಾರೆ.

"ಈ ಕೈ ಜೊತೆ ರಾಜಿ ಆಯ್ತು."